ಧಕ್ಕೆಯ ಮೇಲಿನ ಉಳ್ಳಾಗಡ್ಡಿ ಚೀಲ

ಹರಪನಹಳ್ಳಿಯ ನಮ್ಮ ಶಾಲೆಯ ಮಕ್ಕಳಿಗೆ ಮಂಗಳೂರಿನ ಹಳೆಯ ಊರನ್ನು ನಡೆಸಿಕೊಂಡೇ ತೋರಿಸಬೇಕೆಂದು ಹಟ ಹಿಡಿದವನು ನಾನು. ಇತಿಹಾಸದ ಮೇಷ್ಟ್ರಿರುವಾಗ ಬೇರೆ ಗೈಡ್ ಯಾಕೆ ಎಂದೂ ಹೇಳಿದ್ದೆ. ಟಿಪ್ಪುವಿಗೂ ಕಂಪನಿಗೂ ಒಪ್ಪಂದವಾದ 1784, ಕಲ್ಯಾಣಪ್ಪನ ದಂಡು ಬಾವುಟ ಏರಿಸಿದ 1837, ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ 1865, ಎಲ್ಲ ಬರೆದುಕೊಂಡಿದ್ದೆ. ಬಾವುಟಗುಡ್ಡೆಯಲ್ಲಿ ನಿಂತು ಇಸವಿಗಳನ್ನು ಒಪ್ಪಿಸಿದೆ. ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಮೊಸ್ಕೇನಿಯ ಚಿತ್ರಗಳನ್ನು ಮಕ್ಕಳು ಕತ್ತೆತ್ತಿ ನೋಡುತ್ತಿದ್ದಾಗಲೂ ನನ್ನ ಬಾಯಿ ನಿಲ್ಲಲಿಲ್ಲ. ಬಂದರು ಸೇರುವಷ್ಟರಲ್ಲಿ ಕರಾವಳಿಯ ಸೆಕೆಗೆ ಎಲ್ಲರ ಮುಖ ಬಾಡಿತ್ತು.

ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿ ಹಡಗಿಗೆ ಸರಕು ತುಂಬುತ್ತಿದ್ದರು. ಚೀಲ ಹೊತ್ತವರು ಒಬ್ಬರ ಹಿಂದೊಬ್ಬರು ಹತ್ತುವಾಗ ಹಲಗೆ ಬಾಗಿ ಮತ್ತೆ ಮೇಲೇಳುತ್ತಿತ್ತು. ಬೆಳಗಿನಿಂದ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು ಸರಿದು ಹೋಗಿ ಒಂದು ಚೀಲ ಮುಟ್ಟಿ ನೋಡಿ, “ಸಾರ್, ನಮ್ ಹೊಲದಾಗಿನ ಉಳ್ಳಾಗಡ್ಡಿ ಇದ್ದಂಗ ಅದಾವ್ರೀ. ಇಲ್ಲಿಗೂ ಬರ್ತಾವೇನ್ರೀ?” ಎಂದಳು.

“ಅದೆಲ್ಲ ಆಮೇಲೆ, ಸಾಲಿನಲ್ಲಿ ನಿಲ್ಲು” ಎಂದು ಗದರಿದೆ. ಆಕೆ ಸಂಜೆಯವರೆಗೂ ಮತ್ತೇನೂ ಕೇಳಲಿಲ್ಲ. ಯಾರೂ ಕೇಳಲಿಲ್ಲ.

ಎಂಥ ಪ್ರಶ್ನೆಯ ಬಾಯಿ ಮುಚ್ಚಿಸಿದ್ದೆ ನಾನು! ನಮ್ಮ ಸೀಮೆಗೂ ಈ ಕರಾವಳಿಗೂ ಇರುವ ನಂಟನ್ನೇ ಆಕೆ ಕೇಳಿದ್ದಳು. ಮಂಗಳೂರು ಸೇರಿದ್ದ ಕೆನರಾದ ಮೊದಲ ಕಲೆಕ್ಟರಾಗಿ 1799ರಲ್ಲಿ ಬಂದ ಥಾಮಸ್ ಮನ್ರೋ, ಮರುವರ್ಷವೇ ನಿಜಾಮ ಬಿಟ್ಟುಕೊಟ್ಟ ನಮ್ಮ ಬಳ್ಳಾರಿ ಸೀಮೆಗೆ ಬಂದ. ಎರಡೂ ಕಡೆ ಕಂದಾಯ ಗೊತ್ತು ಮಾಡಿದ್ದು ಆತನೇ. ಎರಡೂ ಮದ್ರಾಸು ಪ್ರಾಂತ್ಯದೊಳಗೆ ಒಟ್ಟಿಗೇ ಇದ್ದವು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ತೆಗೆದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1844ರಲ್ಲಿ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದು ಬಳ್ಳಾರಿಯಲ್ಲಿ. ನಮ್ಮ ಹಳೇ ಜಿಲ್ಲಾ ಕೇಂದ್ರದಲ್ಲಿ! ಇದನ್ನೆಲ್ಲ ನಾನು ಓದಿಯೇ ಇದ್ದೆ. ಆ ಚೀಲದ ಪಕ್ಕ ನಿಂತು ಹೇಳಿದ್ದರೆ ಮಕ್ಕಳು ಸುತ್ತ ಮುತ್ತಿಕೊಳ್ಳುತ್ತಿದ್ದರು. ನನಗೆ ಹೊಳೆಯಲಿಲ್ಲ, ಯಾಕೆಂದರೆ ನನ್ನ ಟಿಪ್ಪಣಿಯಲ್ಲಿ ಮಂಗಳೂರು ಮಾತ್ರ ಇತ್ತು, ನಮ್ಮೂರಿನ ಹೆಸರೇ ಇರಲಿಲ್ಲ.

ಆ ಹುಡುಗಿ ಶಾಲೆ ಮುಗಿಸಿ ಹೋದಳು. ಅವಳ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬ ನೋವು ನನಗಿದೆ.

ಈಗಿನ ತಂಡಗಳನ್ನು ಬೆಳಿಗ್ಗೆ ಮೊದಲು ಧಕ್ಕೆಗೇ ಕರೆದೊಯ್ಯುತ್ತೇನೆ. ಸರಕು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಹಮಾಲರನ್ನು ಮಕ್ಕಳೇ ಕೇಳುತ್ತಾರೆ. ಕೆಲವು ಸಲ ಮಾತು ಬೆಳೆದು ಸುಲ್ತಾನ್ ಬತ್ತೇರಿಗೆ ಹೋಗಲು ಹೊತ್ತೇ ಉಳಿಯುವುದಿಲ್ಲ. ಉಳಿಯದಿದ್ದರೂ ಅವಸರ ಮಾಡುವುದಿಲ್ಲ.