ದೋಣಿ ಕಾಕಾ ಬಂದಾರಂತ

ಕೊರೊನಾ ನಿರ್ಬಂಧಗಳನ್ನೆಲ್ಲ ತೆಗೆದ ಮೇಲೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮತ್ತೆ ಮೊದಲಿನಂಗ ಕೂಡತೈತಿ ಅನ್ನುವ ಸುದ್ದಿ ಹೊನವಾಡಕ್ಕೆ ಬಂದಾಗ ಒಬ್ಬೊಬ್ಬರು ಒಂದೊಂದು ಕೇಳಿದರು. ಎತ್ತು ಕಟ್ಟಿದವರು ತೊರವಿಯ ದನದ ಜಾತ್ರೆಯ ಬಗ್ಗೆ ಕೇಳಿದರು. ಹರೆಯದ ಹುಡುಗರು ಮದ್ದು ಸುಡುವುದು ಯಾವತ್ತು ಎಂದು ಕೇಳಿದರು. ನಮ್ಮದು ಒಂದೇ ಪ್ರಶ್ನೆ: "ದೋಣಿ ಕಾಕಾ ಬರ್ತಾರಂತೇನು?"

ನಾವು ಎಂದರೆ ಆರು ಮಂದಿ. ಎಲ್ಲರಿಗೂ ಮೂವತ್ತು ದಾಟಿದೆ. ಒಬ್ಬರು ಬಸ್ ಕಂಡಕ್ಟರ್, ಒಬ್ಬರು ಪ್ರಾಥಮಿಕ ಶಾಲೆಯ ಮಾಸ್ತರರು, ಒಬ್ಬರದು ಒಣದ್ರಾಕ್ಷಿ ಶೆಡ್ಡಿನಲ್ಲಿ ಲೆಕ್ಕ ಬರೆಯುವ ಕೆಲಸ, ಒಬ್ಬರು ತಿಕೋಟಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರು, ಒಬ್ಬರಿಗೆ ಎರಡೆಕರೆ ದ್ರಾಕ್ಷಿ ಪಡ. ಉಳಿದವರು ಪತ್ರಿಕೆಗೆ ಬಾತ್ಮಿ ಕಳಿಸುವವರು, ಅಂದರೆ ಈ ಬರಹ ಬರೆಯುತ್ತಿರುವವರು. ನಾವು ಜಾತ್ರೆಯ ಆಟಿಕೆ ಕೂಡಿಸುತ್ತೇವೆ. ಇದನ್ನು ಹೊರಗಿನವರ ಮುಂದೆ ಹೇಳಿಕೊಳ್ಳುವುದು ಕಡಿಮೆ. ಮನೆಯಲ್ಲಿ ಇದಕ್ಕೆ ಇರುವ ಹೆಸರು "ಹುಡುಗಾಟಕಿ". ಬೇರೆಯವರ ಮನೆಯಲ್ಲಿ ಹಳೆಯ ನಾಣ್ಯ ಇದ್ದರೆ ಅದಕ್ಕೆ ಸಂಗ್ರಹ ಅನ್ನುತ್ತಾರೆ. ನಮ್ಮ ಟ್ರಂಕಿನಲ್ಲಿ ತಗಡಿನ ಕಪ್ಪೆ ಇದ್ದರೆ ಅದು ಹುಡುಗಾಟಕಿ!

ಟ್ರಂಕಿನಲ್ಲಿ ಏನಿವೆ? ಒತ್ತಿದರೆ ಟಕ್ ಟಕ್ ಅನ್ನುವ ಆ ಕಪ್ಪೆ. ಚಾವಿ ಕೊಟ್ಟರೆ ಓಡುವ ಇಲಿ. ಹಗ್ಗ ಕಟ್ಟಿ ಎಳೆದರೆ ಡೋಲು ಬಾರಿಸುತ್ತ ಬರುವ ಬಿದಿರಿನ ಗಾಡಿ. ಅದರ ಡೋಲು ಮಣ್ಣಿನ ಬಟ್ಟಲಿಗೆ ಕಾಗದ ಅಂಟಿಸಿದ್ದು, ಮಳೆಗಾಲದ ತೇವಕ್ಕೆ ಸಡಿಲಾಗಿ ಸುಮ್ಮನಾಗುತ್ತದೆ. ಗಿರಿಗಿಟ್ಲೆ, ಬುಗುರಿ, ಕಾಗದದ ಹಾವು. ಇವೆಲ್ಲದರ ನಡುವೆ ರಾಜನಂತೆ ಇರುವುದು ಪುಟುಪುಟು ದೋಣಿ.

ನೋಡದವರಿಗೆ ಹೇಳಬೇಕು. ಗೇಣುದ್ದದ ತಗಡಿನ ದೋಣಿ. ಅದರ ಹೊಟ್ಟೆಯಲ್ಲಿ ಎರಡು ಬೆರಳಗಲದ ಚಪ್ಪಟೆ ಬಾಯ್ಲರ್, ಅದರಿಂದ ಹಿಂದಕ್ಕೆ ಚಾಚಿದ ಎರಡು ಸಣ್ಣ ನಳಿಗೆ. ನಳಿಗೆಗೆ ನೀರು ತುಂಬಿ, ಬಾಯ್ಲರ್ ಕೆಳಗೆ ಎಣ್ಣೆಬತ್ತಿ ಹಚ್ಚಿಟ್ಟು ಬುಟ್ಟಿಯ ನೀರಿಗೆ ಬಿಟ್ಟರೆ ಸಾಕು. ಒಳಗಿನ ನೀರು ಆವಿಯಾಗಿ ನಳಿಗೆಯ ನೀರನ್ನು ಹಿಂದಕ್ಕೆ ನೂಕುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಆವಿ ತಣಿದು ಕುಗ್ಗಿದಾಗ ನೀರು ಮತ್ತೆ ಒಳಗೆ ಬರುತ್ತದೆ. ಬಾಯ್ಲರ್ ಮೇಲಿನ ತೆಳು ತಗಡು ಉಬ್ಬಿ ತಗ್ಗುವಾಗ ಆಗುವ ಸಪ್ಪಳವೇ ಆ ಪುಟುಪುಟು. ಹಾಗಾದರೆ ನೀರು ಒಳಗೆ ಎಳೆದಾಗ ದೋಣಿ ಹಿಂದಕ್ಕೆ ಬರಬೇಕಲ್ಲ ಎಂದು ನಾವು ವರ್ಷಗಟ್ಟಲೆ ಜಗಳಾಡಿದ್ದೇವೆ. ಕಡೆಗೆ ಮಾಸ್ತರರು ಒಂದು ಸಂಜೆ ಚಿಮಣಿ ಮುಂದಿಟ್ಟು ತೀರ್ಮಾನ ಮಾಡಿದರು. "ಊದ್ರಿ," ಅಂದರು. ಊದಿದೆವು, ಆರಿತು. ಮತ್ತೆ ಹಚ್ಚಿ, "ಈಗ ಅಷ್ಟ ದೂರದಿಂದನ ಉಸಿರು ಎಳ್ಕೊಂಡು ಆರಸ್ರಿ," ಅಂದರು. ಎಷ್ಟು ಎಳೆದರೂ ಆರಲಿಲ್ಲ. ಹೊರಗೆ ಹೋಗುವುದು ಒಂದೇ ದಿಕ್ಕಿಗೆ ಜೋರಾಗಿ ಹೋಗುತ್ತದೆ, ಒಳಗೆ ಬರುವುದು ಎಲ್ಲ ಕಡೆಯಿಂದ ಮೆಲ್ಲಗೆ ಬರುತ್ತದೆ. ಈ ಎಂಜಿನ್ನಿಗೆ 1891ರಲ್ಲೇ ಥಾಮಸ್ ಪಿಯೊ ಎಂಬ ಫ್ರೆಂಚ್ ಮನುಷ್ಯ ಇಂಗ್ಲೆಂಡಿನಲ್ಲಿ ಪೇಟೆಂಟ್ ತೆಗೆದುಕೊಂಡಿದ್ದ. ಅಲ್ಲಿಂದ ಸಿದ್ಧೇಶ್ವರ ಗುಡಿಯ ಬೀದಿಗೆ ಅದು ಹೇಗೆ ಬಂತು ಅನ್ನುವುದೇ ಬರೆಯಬೇಕಾದ ಒಂದು ಕತೆ.

ಆಟಿಕೆ ಹಿಂದೆ ಬಿದ್ದ ದೊಡ್ಡವರು ನಾವಷ್ಟೇ ಅಲ್ಲ. ಅಮೆರಿಕದಲ್ಲಿ ಬಾಟ್‌ಕಾನ್ ಎಂಬ ಸಮಾವೇಶ ಇದೆ. ಕಾರು ಹೋಗಿ ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳನ್ನು ಕೂಡಿಸುವವರ ಜಾತ್ರೆ ಅದು. 1994ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಲ್ಲಿ ಇಬ್ಬರು ಅಣ್ಣತಮ್ಮಂದಿರು ಶುರು ಮಾಡಿದ್ದು. ಆ ಸಮಾವೇಶಕ್ಕೆಂದೇ ಮಾಡಿದ, ಅಂಗಡಿಯಲ್ಲಿ ಸಿಗದ ಆಟಿಕೆಗಳಿಗೆ ಜನ ವರ್ಷವಿಡೀ ಕಾಯುತ್ತಿದ್ದರು. 2016ರಲ್ಲಿ ಅದು ನಿಂತುಹೋಯಿತು. ಕೆಲವು ವರ್ಷ ಬಿಟ್ಟು ಅದೇ ಹೆಸರಲ್ಲಿ ಮತ್ತೆ ನಡೆಯುತ್ತದೆ ಅಂದಾಗ ಅಲ್ಲಿನ ಅಭಿಮಾನಿಗಳಲ್ಲಿ ಕುಣಿದವರೂ ಇದ್ದರು, ಹೆಸರು ಬಂದ ಮಾತ್ರಕ್ಕೆ ಹಳೆಯ ಬಾಟ್‌ಕಾನ್ ಬಂದಂತೆ ಆಗುತ್ತದೆಯೇ ಎಂದು ಮುಖ ಸೊಟ್ಟ ಮಾಡಿದವರೂ ಇದ್ದರು. ಮೊಬೈಲ್ ಅಂಗಡಿಯ ಗೆಳೆಯ ಇದನ್ನು ಓದಿ ಹೇಳಿದಾಗ ನಾವು ನಕ್ಕೆವು. ಅದು ನಮ್ಮದೇ ಕಟ್ಟೆಯ ಮಾತಿನಂತೆ ಇತ್ತು.

ಆ ಜಾತಿಯ ಆಟಿಕೆ ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಎಂಆರ್‌ಎಫ್ ಮತ್ತು ಅಮೆರಿಕದ ಹ್ಯಾಸ್‌ಬ್ರೊ ಕೂಡಿ 1987ರಲ್ಲಿ ಹುಟ್ಟುಹಾಕಿದ ಫನ್‌ಸ್ಕೂಲ್ ಕಂಪನಿ ಗೋವಾದಲ್ಲಿ ಜಿ.ಐ. ಜೋ ಸೈನಿಕರನ್ನು ಮಾಡುತ್ತಿತ್ತು. ತೊಂಬತ್ತರ ದಶಕದಲ್ಲಿ ವಿಜಯಪುರಕ್ಕೆ ದವಾಖಾನೆಗೋ ಬಟ್ಟೆಗೋ ಬಂದಾಗ ಅಂಗಡಿಯ ಗಾಜಿನ ಹಿಂದೆ ಅವು ಸಾಲಾಗಿ ನಿಂತಿರುತ್ತಿದ್ದವು. ಕೇಳುವ ಧೈರ್ಯ ಇರಲಿಲ್ಲ. ಅಪ್ಪನ ಕಿಸೆ ಎಷ್ಟು ಎಂಬುದು ನಮಗೆ ಗೊತ್ತಿತ್ತು. ಜಾತ್ರೆಯ ಆಟಿಕೆ ಹಾಗಲ್ಲ, ಅದು ನಮ್ಮ ಕೈಗೆ ಎಟುಕುತ್ತಿತ್ತು. ಅಜ್ಜಿ ಸೆರಗಿನ ಗಂಟು ಬಿಚ್ಚಿದರೆ ಬರುವಂಥದ್ದು.

ಜಾತ್ರೆಯ ಸುದ್ದಿ ಬಂದ ದಿನ ರಾತ್ರಿ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ನಾವು ಕೂಡಿದೆವು. ಕಂಡಕ್ಟರ್ ಗೆಳೆಯರಿಗೆ ಖುಷಿಯೋ ಖುಷಿ. ಆಗಲೇ ರಜೆ ಚೀಟಿ ಬರೆದಿಟ್ಟಿದ್ದರು. ಮಾಸ್ತರರು ಮಾತ್ರ, "ಎರಡು ಸಂಕ್ರಾಂತಿ ಮಂಕಾಗಿ ಹೋಗ್ಯಾವ. ಜಾತ್ರಿ ಬರತೈತಿ, ಅದರಾಗಿನ ಮಂದಿ ಬರ್ತಾರಂತ ಯಾರು ಹೇಳಿದ್ರು?" ಅಂದರು. ಆಮೇಲೆ ಯಾರ‍್ಯಾರು ಬರಬೇಕು ಎಂದು ಬೆರಳು ಮಡಚಿ ಎಣಿಸುತ್ತ ಕುಳಿತೆವು. ಬಿದಿರಿನ ಗಾಡಿಯವಳು. ಕಪ್ಪೆ ಮಾರುವ ಕುಂಟ ಅಣ್ಣ. ಗಿರಿಗಿಟ್ಲೆಯ ಗಂಡ ಹೆಂಡತಿ. ದೋಣಿ ಕಾಕಾ. ಒಬ್ಬರ ಹೆಸರೂ ನಮಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅವರಿಂದ ಕೊಂಡಿದ್ದೇವೆ, ಯಾರ ಫೋನ್ ನಂಬರೂ ನಮ್ಮಲ್ಲಿ ಇರಲಿಲ್ಲ. ಜಾತ್ರೆಯೇ ಅವರ ವಿಳಾಸ. ಜಾತ್ರೆ ನಿಂತರೆ ಅವರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ.

ನಂದಿಕೋಲಿನ ಮೆರವಣಿಗೆಯ ದಿನ ಹೋದೆವು. ಬಾತ್ಮಿಯ ಕೆಲಸ ಮುಗಿಸಿ, ಫೋಟೊ ಕಳಿಸಿ, ಆಟಿಕೆಯ ಸಾಲಿಗೆ ಕಾಲಿಡುವಾಗ ಸಂಜೆ ಆಗಿತ್ತು. ಸಾಲೇನೋ ಉದ್ದ ಇತ್ತು. ಬೆಳಕು ಕಾರುವ ಬುಗುರಿ, ಸಾಬೂನು ಗುಳ್ಳೆಯ ಪಿಸ್ತೂಲು, ಬ್ಯಾಟರಿ ಹಾಕಿದರೆ ಹಿಂದಿ ಹಾಡು ಹೇಳುವ ನಾಯಿ. ಗಾಡಿಯವಳು ಇರಲಿಲ್ಲ. ಗಿರಿಗಿಟ್ಲೆಯವರಲ್ಲಿ ಹೆಂಡತಿ ಒಬ್ಬಳೇ ಬಂದಿದ್ದಳು, ಹಣೆ ಬರಿದಾಗಿತ್ತು. ನಾವು ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆರು ಗಿರಿಗಿಟ್ಲೆ ಕೊಂಡೆವು, ಚಿಲ್ಲರೆ ಇಸಿದುಕೊಳ್ಳದೆ ಮುಂದೆ ಹೋದೆವು.

ದೋಣಿ ಕಾಕಾ ಸಾಲಿನ ಕೊನೆಗೂ ಇರಲಿಲ್ಲ. ಜಾಗದ ಬಾಡಿಗೆ ಏರಿದೆ ಎಂದು ಬಲೂನಿನ ಹುಡುಗ ಹೇಳಿದ. ಮುಖ್ಯ ಬೀದಿ ಬಿಟ್ಟು ಹಿಂದಿನ ಓಣಿಗೆ ಹೊಕ್ಕರೆ ಗಟಾರದ ಪಕ್ಕ ಗುಂಪು ಕಂಡಿತು. ಗುಂಪಿನ ನಡುವೆ ಅದೇ ಅಲ್ಯುಮಿನಿಯಂ ಬುಟ್ಟಿ, ಅದೇ ಪುಟುಪುಟು. ಕಂಡಕ್ಟರ್ ಗೆಳೆಯರು ಜಾತ್ರೆಯ ಮಂದಿಯನ್ನು ಸೀಟಿ ಇಲ್ಲದೆ ಸರಿಸಿ ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

"ಕಾಕಾ, ಎಲ್ಲಿದ್ರಿ ಎರಡು ವರ್ಷ?"

"ಎಲ್ಲಿರ್ಲಿ ತಮ್ಮಾ? ಇಟ್ಟಂಗಿ ಭಟ್ಟಿಗೆ ಹೊಂಟಿದ್ದೆ. ಆಮ್ಯಾಲ ಪಡದಾಗ ಕೂಲಿ ಮಾಡಿದೆ."

ಸೋಲಾಪುರದ ಕಡೆಯವರಂತೆ. ದೋಣಿ ಅವರು ಮಾಡುವುದಲ್ಲ, ಮಾಡುವವರಿಂದ ತಂದು ಮಾರುವುದು. ಈಗ ಇರುವುದು ಕೊರೊನಾಕ್ಕಿಂತ ಮೊದಲು ತಂದಿಟ್ಟ ಮಾಲು. ಮಾಡುತ್ತಿದ್ದ ಮುದುಕ ತೀರಿಕೊಂಡ, ಮಕ್ಕಳು ಬೆಸುಗೆಯ ಕೆಲಸ ಬಿಟ್ಟು ಟೆಂಪೊ ಓಡಿಸುತ್ತಾರೆ. "ಇನ್ನ ಇಪ್ಪತ್ಮೂರು ಉಳದಾವ ನೋಡ್ರಿ," ಎಂದು ಪೆಟ್ಟಿಗೆ ತೋರಿಸಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಶೆಡ್ಡಿನ ಗೆಳೆಯರು ಆಗಲೇ ಕಿಸೆಗೆ ಕೈ ಹಾಕಿದ್ದರು. "ಅಷ್ಟೂ ಕೊಡ್ರಿ ಕಾಕಾ. ನೀವು ಹೇಳಿದ ರೊಕ್ಕ."

ಕಾಕಾ ಪೆಟ್ಟಿಗೆಯ ಮುಚ್ಚಳ ಹಾಕಿದರು. "ಅಷ್ಟೂ ನಿಮಗ ಕೊಟ್ರ ನಾಳಿ ನಾ ಇಲ್ಲಿ ಎದಕ್ಕ ಕುಂದ್ರಲಿ? ಜಾತ್ರಿ ಇನ್ನ ಐತಿ. ಹುಡುಗ್ರು ಬರ್ತಾವ. ತಲಿಗೊಂದು ಒಯ್ರಿ."

ವಾದ ಮಾಡಿ ನೋಡಿದೆವು. ಜಗ್ಗಲಿಲ್ಲ. ದಿನಕ್ಕೆ ಆರೇಳು ಮಾರಿದರೆ ಅವರಿಗೆ ಜಾತ್ರೆ ಪೂರ್ತಿ ಕೆಲಸ. ಸುತ್ತ ಮಕ್ಕಳು ನಿಂತಿರಬೇಕು, ಬುಟ್ಟಿಯಲ್ಲಿ ಒಂದು ಓಡುತ್ತಿರಬೇಕು. ನಾವು ಒಂದೇ ಸಂಜೆಗೆ ಎಲ್ಲ ಕೊಂಡರೆ ಅವರಿಗೆ ಸಿಗುವ ರೊಕ್ಕ ಅಷ್ಟೇ ಇರಬಹುದು, ಆದರೆ ಅವರು ಅಲ್ಲಿಗೆ ಬಂದದ್ದು ರೊಕ್ಕಕ್ಕೆ ಮಾತ್ರ ಅಲ್ಲ ಅನ್ನಿಸಿತು. ತಲೆಗೊಂದರಂತೆ ಆರು ಕೊಟ್ಟರು. ಫೋನ್ ನಂಬರ್ ಬರೆದುಕೊಂಡೆವು. ಈ ಸಲ ಹೆಸರೂ ಕೇಳಿದೆವು.

ಬರುವಾಗ ತಿಕೋಟಾ ದಾಟುವವರೆಗೂ ಬಸ್ಸಿನಲ್ಲಿ ಒಂದೇ ಜಗಳ. ಈ ದೋಣಿಗೆ ಬತ್ತಿ ಹಚ್ಚಬೇಕೋ ಬೇಡವೋ? ಮೊಬೈಲ್ ಅಂಗಡಿಯವರು ಬೇಡ ಎನ್ನುವ ಪಂಗಡ. ಬಾಟ್‌ಕಾನ್‌ಗೆ ಹೋಗುವವರಲ್ಲೂ ಡಬ್ಬಿ ಒಡೆಯದೆ ಇಡುವವರೇ ದೊಡ್ಡವರು, ಬೆಂಕಿ ತಾಗಿದರೆ ಬಣ್ಣ ಸುಡುತ್ತದೆ, ಇದೇ ಕೊನೆಯ ಮಾಲು ಎಂಬುದು ಅವರ ವಾದ. ದ್ರಾಕ್ಷಿ ಪಡದವರು, "ಓಡದಿದ್ರ ಅದು ದೋಣಿ ಹ್ಯಾಂಗ ಆತು? ತಗಡು," ಅಂದರು. ನಾವು ಎರಡನೆಯವರ ಕಡೆ. ಅದಕ್ಕೆ ಕಾರಣ ನಮ್ಮ ಸೀಮೆಯ ಆಟಿಕೆಗಳೇ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಅದರ ಬೆನ್ನಿಗೆ ಜೋಕುಮಾರ. ಒಂದೂ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಉಳಿಸುವುದೂ ಇಲ್ಲ. ನೀರಿಗೆ ಬಿಟ್ಟರೆ ಮಣ್ಣು ಮಣ್ಣಾಗುತ್ತದೆ, ಮುಂದಿನ ವರ್ಷ ಹೊಸ ಎತ್ತು ಬರುತ್ತದೆ. ಹೀಗೆ ಕರಗಿಸುವ ಧೈರ್ಯ ಬಂದದ್ದು ಮಾಡುವ ಕುಂಬಾರರು ಊರಲ್ಲೇ ಇದ್ದಾರೆ ಎಂಬ ನಂಬಿಕೆಯಿಂದ. ದೋಣಿಯ ವಿಷಯದಲ್ಲಿ ಆ ನಂಬಿಕೆ ಹೋಗಿದೆ. ಮೊಬೈಲ್ ಅಂಗಡಿಯವರ ಭಯವನ್ನು ಹಾಗೆಂದೇ ತಳ್ಳಿಹಾಕಲೂ ಆಗಲಿಲ್ಲ.

ಸರಕಾರ ಆಟಿಕೆಗಾಗಿ ಏನೂ ಮಾಡಿಲ್ಲ ಅನ್ನುವಂತಿಲ್ಲ. ಹೊರದೇಶದ ಆಟಿಕೆಯ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಜಿಐ ಗುರುತು ಪಡೆದ ಆಟಿಕೆಗಳ ನೋಂದಾಯಿತ ತಯಾರಕರಿಗೆ, ಕೇಂದ್ರದ ಕರಕುಶಲ ಕಚೇರಿಯಲ್ಲಿ ಹೆಸರು ಬರೆಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣದ ಅರಗಿನ ಬೊಂಬೆಗೆ, ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರಕ್ಕೆ ಹುಣಸೆಬೀಜದ ಅಂಟು ಹಚ್ಚಿ ಮಾಡುವ ಬೊಂಬೆಗೆ ಇದರಿಂದ ಉಸಿರು ಸಿಕ್ಕಿದೆ, ಸಿಗಲೂ ಬೇಕು. ಆದರೆ ಆ ಎರಡಕ್ಕೂ ಒಂದು ಊರಿದೆ, ಒಂದು ಮನೆತನವಿದೆ. ಪುಟುಪುಟು ದೋಣಿಗೆ ಯಾವ ಊರು? ಯಾರ ಹೆಸರಲ್ಲಿ ಅರ್ಜಿ? ಬೆಂಕಿ ಹಚ್ಚುವ, ಅಂಚು ಕೊಯ್ಯುವ, ಸೀಸದ ಬೆಸುಗೆಯ ಆಟಿಕೆಗೆ ಗುರುತು ಕೊಡಿ ಎಂದು ನಾವೂ ಬರೆಯಲಾರೆವು. ನಮ್ಮಲ್ಲಿ ಒಬ್ಬರ ಹೆಬ್ಬೆರಳಿನ ಮೇಲೆ ಅದರ ಗಾಯದ ಕಲೆ ಇನ್ನೂ ಇದೆ.

ಜಾತ್ರೆಯ ಬಾತ್ಮಿ ಮರುದಿನ ಅಚ್ಚಾಯಿತು. ನಂದಿಕೋಲು, ಭಕ್ತರ ಸಂಖ್ಯೆ, ಗಣ್ಯರ ಹೆಸರು ಬಂದಿದ್ದವು. ದೋಣಿಯ ಎರಡು ಸಾಲು ಜಾಗ ಸಾಲದೆ ಹೋದವು. ಇಂಥ ಬರಹಕ್ಕೆ ಈ ತಾಣ ಇರುವುದೇ ಒಳ್ಳೆಯದು.

ಮುಂದಿನ ವರ್ಷ ಕಾಕಾ ಬಂದರು. ಒಂಬತ್ತು ದೋಣಿ ತಂದಿದ್ದರು. ಅದರ ಮುಂದಿನ ವರ್ಷ ನಾಲ್ಕು, ಅದರಲ್ಲಿ ಒಂದು ಮಾರಲು ಅಲ್ಲ, ಬುಟ್ಟಿಯಲ್ಲಿ ಓಡಿಸಲು. ನಮಗೆ ಒಂದನ್ನೂ ಕೊಡಲಿಲ್ಲ. "ನಿಮ್ಮವು ಅದಾವಲ್ಲ," ಅಂದರು. ಆ ರಾತ್ರಿ ಮೊಬೈಲ್ ಅಂಗಡಿಯವರು ತಾವಾಗಿಯೇ ತಮ್ಮ ದೋಣಿ ತಂದು ಬೆಂಚಿನ ಮೇಲೆ ಇಟ್ಟು, ಸೋಲ್ಡರಿಂಗ್ ಕಡ್ಡಿ ಕಾಯಿಸಿ, ಬಾಯ್ಲರ್ ಬಿಚ್ಚಿದರು. ಬಣ್ಣದ ಚಿಂತೆ ಬಿಟ್ಟಿದ್ದರು. ಒಳಗೆ ಎಷ್ಟು ಅಳತೆ, ತಗಡು ಎಷ್ಟು ತೆಳು, ನಳಿಗೆಯ ಕೋನ ಎಷ್ಟು, ಮಾಸ್ತರರು ಶಾಲೆಯ ಕಂಪಾಸಿನಿಂದ ಅಳೆದು ಎಕ್ಸರ್‌ಸೈಜ್ ಪಟ್ಟಿಯಲ್ಲಿ ಬರೆದುಕೊಂಡರು.

ಎಣ್ಣೆ ಡಬ್ಬಿಯ ತಗಡಿನಿಂದ ಈವರೆಗೆ ಐದು ಮಾಡಿದ್ದೇವೆ. ಮೂರು ಮುಳುಗಿದವು. ನಾಲ್ಕನೆಯದು ಸಪ್ಪಳ ಮಾಡಿತು, ಅಲುಗಲಿಲ್ಲ. ಐದನೆಯದು ಕಂಡಕ್ಟರ್ ಗೆಳೆಯರ ಮನೆಯ ಹಂಡೆಯಲ್ಲಿ ಅವರ ಮಗಳ ಕಣ್ಣೆದುರೇ ಎರಡೂವರೆ ಸುತ್ತು ಹೊಡೆದು ನಿಂತಿತು. ಎಡಗಡೆ ನಳಿಗೆಯ ಬೆಸುಗೆ ಸೋರುತ್ತಿದೆ. ಸಂಕ್ರಾಂತಿಗೆ ಇನ್ನು ಏಳು ವಾರ ಇದೆ. ಕಾಕಾಗೆ ಫೋನ್ ಮಾಡಿ ಬೆಸುಗೆಗೆ ಏನು ಹಾಕುತ್ತಿದ್ದರು ಎಂದು ಆ ಟೆಂಪೊ ಹುಡುಗರನ್ನು ಕೇಳಿ ಹೇಳಲು ಹೇಳಿದ್ದೇವೆ.