ಎರೆನಾಡಿನಲ್ಲಿ ಎಳೆಯುವ ಗಾಡಿ

ಶಹಾಪುರಕ್ಕೂ ರೈಲಿಲ್ಲ, ಸುರಪುರಕ್ಕೂ ಇಲ್ಲ. ಹಿಂದೆಲ್ಲ ಯಾದಗಿರಿ ಸ್ಟೇಷನ್ನಿಗೆ ಹೋಗಬೇಕಾದವರು ಬಸ್ಸು ತಪ್ಪಿದರೆ ಜೀಪನ್ನೇ ನಂಬಬೇಕಿತ್ತು. ಆ ಕಾಲದ ಮಹೀಂದ್ರಾ ಜೀಪುಗಳಿಗೆ ಮುಂದೆಯೂ ಕಮಾನು ಪಟ್ಟಿ, ಎರಡು ಗಾಲಿಗಳ ನಡುವೆ ಒಂದೇ ಗಟ್ಟಿ ಆಕ್ಸಲ್. ಅವುಗಳ ಗಾಲಿ ನೇರ ಮಾಡಲು ಪ್ರತ್ಯೇಕ ಅಂಗಡಿ ಇರಲಿಲ್ಲ. ಗ್ಯಾರೇಜಿನ ಮಿಸ್ತ್ರಿಯೇ ಜಾಕ್ ಏರಿಸಿ, ಗಾಲಿ ತಿರುಗಿಸುತ್ತ ಟೈರಿನ ನಡುವೆ ಚಾಕ್‌ಪೀಸಿನಿಂದ ಗೆರೆ ಎಳೆದು, ಎರಡು ಗೆರೆಗಳ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಟೇಪು ಹಿಡಿದು ಅಳೆಯುತ್ತಿದ್ದ. ಕೆಲವು ಮಿಲಿಮೀಟರಿನ ವ್ಯತ್ಯಾಸವನ್ನು ಟೈ ರಾಡ್ ತಿರುಗಿಸಿ ಸರಿಮಾಡಿದರೆ ಕೆಲಸ ಮುಗಿಯಿತು. ಆಮೇಲೆ ಸುಮೋ, ಬೊಲೆರೊ, ಸ್ಕಾರ್ಪಿಯೊ ಬಂದವು, ಜನ ಸಾಗಿಸಲು ಕ್ರೂಸರ್ ಬಂತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು, ಓಡಾಟ ಹೆಚ್ಚಿತು. ಗಾಲಿಗಳಿಗೆ ಫಲಕ ಸಿಕ್ಕಿಸಿ ಕ್ಯಾಮೆರಾದಿಂದ ಕೋನ ಅಳೆಯುವ ಯಂತ್ರ ಈಗ ದೊಡ್ಡ ಟೈರ್ ಅಂಗಡಿಗಳಿಗೂ ಬಂದಿದೆ. ಯಂತ್ರ ಬಂದದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ, ಅಳತೆಗೆ ಮೊದಲು ಗಾಡಿಯನ್ನು ಮುಟ್ಟಿ ನೋಡುವ ರೂಢಿ ಹೋಯಿತು. ಈ ಭಾಗದಲ್ಲಿ ಎಸ್‌ಯುವಿ ಒಂದು ಕಡೆಗೆ ಎಳೆಯುವ ದೂರು ಅಲೈನ್‌ಮೆಂಟ್ ಮಾಡಿಸಿದ ಮೇಲೂ ಉಳಿಯುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ವಾದ.

“ಗಾಡಿ ಎಡಕ್ಕ ಎಳಿಲಾಕತ್ತದ” ಅಂದ ಕೂಡಲೇ ರ‍್ಯಾಂಪಿನ ಮೇಲೆ ಹತ್ತಿಸುತ್ತಾರೆ. ಬಹಳ ಗಾಡಿಗಳಲ್ಲಿ ಅಲ್ಲಿ ತಿರುಗಿಸಿ ಸರಿಮಾಡುವುದು ಮುಂದಿನ ಗಾಲಿಗಳ ಟೋ (ಮಿಸ್ತ್ರಿ ಟೇಪು ಹಿಡಿದು ಅಳೆಯುತ್ತಿದ್ದ ಆ ಮುಂದು-ಹಿಂದಿನ ಅಂತರದ ವ್ಯತ್ಯಾಸ) ಒಂದನ್ನೇ. ಟೋ ಕೆಟ್ಟರೆ ಟೈರು ಗರಗಸದ ಹಲ್ಲಿನಂತೆ ಸವೆಯುತ್ತದೆ, ಸ್ಟೀರಿಂಗ್ ಚಕ್ರ ಓರೆ ನಿಲ್ಲುತ್ತದೆ. ಆದರೆ ಗಾಡಿ ಎಳೆಯುವುದು ಅದರಿಂದ ಅಪರೂಪ, ಏಕೆಂದರೆ ಓಡುವಾಗ ಎರಡೂ ಗಾಲಿಗಳು ಆ ವ್ಯತ್ಯಾಸವನ್ನು ತಮ್ಮಲ್ಲೇ ಸಮನಾಗಿ ಹಂಚಿಕೊಂಡುಬಿಡುತ್ತವೆ. ಎಳೆಯುವುದು ಎಡಬಲದ ಕ್ಯಾಸ್ಟರ್ (ಗಾಲಿ ತಿರುಗುವ ಸ್ಟೀರಿಂಗ್ ಅಕ್ಷದ ಹಿಂದುಮುಂದಿನ ಓರೆ) ಅಥವಾ ಕ್ಯಾಂಬರ್ (ಗಾಲಿ ಒಳಕ್ಕೋ ಹೊರಕ್ಕೋ ವಾಲಿದ ಓರೆ) ಹೆಚ್ಚುಕಡಿಮೆಯಾದಾಗ: ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ, ಗಾಲಿಯ ತಲೆ ಹೆಚ್ಚು ಹೊರಕ್ಕೆ ವಾಲಿದ ಕಡೆಗೆ ಗಾಡಿ ಹೋಗುತ್ತದೆ. ಕ್ರೆಟಾದಂಥ ಗಾಡಿಗಳಲ್ಲಿ ಇವೆರಡನ್ನೂ ತಿರುಗಿಸಿ ಹೊಂದಿಸುವ ವ್ಯವಸ್ಥೆಯೇ ಸಾಮಾನ್ಯವಾಗಿ ಇರುವುದಿಲ್ಲ. ಅವು ಕೆಟ್ಟಿವೆ ಎಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದೇ ಅರ್ಥ. ಇನ್ನು ಗಾಳಿ ಕಡಿಮೆಯಾದ ಟೈರು, ಒಳಗಿನ ಕಟ್ಟು ಒಂದು ಬದಿಗೆ ಸರಿದ ರೇಡಿಯಲ್ ಟೈರು, ಬಿಡದೆ ಹಿಡಿದುಕೊಂಡ ಬ್ರೇಕ್ ಕ್ಯಾಲಿಪರ್, ಇವು ಮೂರೂ ಗಾಡಿಯನ್ನು ಎಳೆಯುತ್ತವೆ. ಮೂರೂ ಯಂತ್ರದ ಪರದೆಯ ಮೇಲೆ ಕಾಣುವುದಿಲ್ಲ. ಕೋನಗಳೆಲ್ಲ ಹಸಿರು ಬಣ್ಣದಲ್ಲಿ ಬಂದರೂ ಅಂಗಡಿಯಿಂದ ಹೊರಟ ಗಾಡಿ ಯಾದಗಿರಿಯಿಂದ ಹತ್ತಿಕುಣಿಗೆ ಹೋಗುವ ರಸ್ತೆ ಹಿಡಿದ ತಕ್ಷಣ ಮತ್ತೆ ಎಡಕ್ಕೇ ವಾಲುತ್ತದೆ.

ಎಡಕ್ಕೇ ಯಾಕೆ ಎಂಬುದಕ್ಕೆ ನೆಲದಲ್ಲೂ ಉತ್ತರವಿದೆ. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯ ನಡು ಎತ್ತರ, ಅಂಚಿಗೆ ನೂರಕ್ಕೆ ಎರಡು-ಎರಡೂವರೆಯಷ್ಟು ಇಳಿಜಾರು. ಎಡಬದಿಯಲ್ಲಿ ಓಡುವ ನಮ್ಮ ಗಾಡಿಗಳು ತುಸು ಎಡಕ್ಕೆ ಜಾರುವುದು ಸಹಜ. ಶಹಾಪುರ, ಸುರಪುರದ ಎರೆಭೂಮಿ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ರಸ್ತೆಯ ಅಂಚು ಕುಸಿದು ಮೇಲ್ಮೈ ಅಲೆಅಲೆಯಾಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಹಬ್ಬಿದ ಮೇಲೆ ಹಳ್ಳಿ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಓಡಾಟವೂ ಬೆಳೆಯಿತು. ಒಂಟಿ ರಸ್ತೆಯಲ್ಲಿ ಎದುರಿಗೆ ಟ್ರೇಲರ್ ಬಂದರೆ ಎಡಗಡೆಯ ಎರಡು ಗಾಲಿಗಳನ್ನು ಡಾಂಬರಿನಿಂದ ಕೆಳಗಿಳಿಸಲೇಬೇಕು, ಮತ್ತೆ ಮೇಲೆ ಹತ್ತಿಸಲೇಬೇಕು. ಆ ಅಂಚಿನ ಹೊಡೆತ ಬೀಳುವುದು ಎಡಗಡೆಯ ಮುಂದಿನ ಗಾಲಿಗೆ. ಗಾಲಿಯನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೆಳಗಿನ ಆರ್ಮ್‌ನ ರಬ್ಬರ್ ಬುಷ್ ಸವೆದು ಗಾಲಿ ಕೂದಲೆಳೆಯಷ್ಟು ಹಿಂದಕ್ಕೆ ಸರಿದರೂ ಆ ಬದಿಯ ಕ್ಯಾಸ್ಟರ್ ಇಳಿಯುತ್ತದೆ. ಸವೆದ ಬುಷ್ಷಿನ ಗಾಡಿಯ ಗುರುತೆಂದರೆ, ಬ್ರೇಕ್ ಒತ್ತಿದಾಗ ಎಳೆತದ ಸ್ವಭಾವವೇ ಬದಲಾಗುತ್ತದೆ. ನಿಂತ ಗಾಡಿಯನ್ನು ಅಳೆದ ಯಂತ್ರಕ್ಕೆ ಇದು ತಿಳಿಯುವುದಾದರೂ ಹೇಗೆ?

ಹಳೆಯ ಮಿಸ್ತ್ರಿಯ ಕೈಗುಣವನ್ನು ಹಾಡಿ ಹೊಗಳುವುದು ಸುಲಭ. ಆದರೆ ಚಾಕ್‌ಪೀಸಿನಿಂದ ಕ್ಯಾಸ್ಟರ್ ಅಳೆಯಲಾಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನಬೇಕು. ಗಟ್ಟಿ ಆಕ್ಸಲಿನ ಜೀಪಿಗೆ ಆ ಅಳತೆ ಸಾಕಿತ್ತು; ಮುಂದಿನ ಪ್ರತಿ ಗಾಲಿಯೂ ತನ್ನಷ್ಟಕ್ಕೆ ಏರಿಳಿಯುವ ಇಂದಿನ ಗಾಡಿಗೆ ಸಾಲದು. ಹಿಂದಿನ ಗಾಲಿಗಳು ಓರೆಯಾಗಿ ಗಾಡಿ ಏಡಿಯಂತೆ ಅಡ್ಡಡ್ಡ ನಡೆಯುವುದನ್ನು ಯಂತ್ರ ಹಿಡಿದಷ್ಟು ನಿಖರವಾಗಿ ಗಾಲಿಗಳ ಪಕ್ಕ ಉದ್ದಕ್ಕೆ ಎಳೆದು ಕಟ್ಟಿದ ದಾರ ಹಿಡಿಯದು. ಆದ್ದರಿಂದ ಯಂತ್ರ ಬೇಡವೆನ್ನುವುದು ಹಟವಷ್ಟೇ. ಅಂಗಡಿಯವರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಗಿರಾಕಿ ಕೇಳುವುದು ಛಾಪಿಸಿದ ಚೀಟಿ, ಬುಷ್ ಅಲುಗಿಸಿ ನೋಡಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇದು ನಿಜ, ಮತ್ತು ತಪ್ಪಿನ ಅರ್ಧ ಪಾಲು ನಮ್ಮದೇ. ಆದರೆ ಗಾಡಿ ಬಂದ ಕೂಡಲೇ ಎರಡೂ ರಿಮ್‌ಗಳ ಹತ್ತಿರ ಅಂಗೈ ಒಡ್ಡಿ ಯಾವುದು ಹೆಚ್ಚು ಬಿಸಿ ಎಂದು ನೋಡುವುದಕ್ಕೆ, ಜಾಕ್ ಏರಿಸಿ ಗಾಲಿಯನ್ನು ಮೇಲೆಕೆಳಗೆ, ಅಕ್ಕಪಕ್ಕ ಅಲ್ಲಾಡಿಸಿ ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಪರೀಕ್ಷಿಸುವುದಕ್ಕೆ ಬೇಕಾದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಸವೆದ ಜಾಯಿಂಟಿನ ಮೇಲೆ ಮಾಡಿದ ಅಲೈನ್‌ಮೆಂಟ್ ಮೊದಲ ಗುಂಡಿಯ ತನಕ ಮಾತ್ರ ಬಾಳುತ್ತದೆ. ಆ ಹೊತ್ತಿಗೂ ಸೇರಿಸಿ ಹಣ ಕೇಳಲಿ, ಕೊಡೋಣ.

ಗಾಡಿ ಇಟ್ಟುಕೊಂಡವರು ಇಷ್ಟು ಮಾಡಿ. ಬೆಳಿಗ್ಗೆ ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನಲ್ಲಿ ಬರೆದ ಲೆಕ್ಕಕ್ಕೆ ಗಾಳಿ ಹಾಕಿಸಿ. ವಾಹನವಿಲ್ಲದ, ಸಾಧ್ಯವಾದಷ್ಟು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿ. ಆಮೇಲೆ ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿಸಿ. ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟೈರಾದರೆ ಇದು ಬೇಡ. ಎಳೆತ ಈಗ ಬಲಕ್ಕೆ ತಿರುಗಿದರೆ ದೋಷ ಟೈರಿನದು, ಅಲೈನ್‌ಮೆಂಟಿಗೆ ಕೊಡುವ ಹಣ ಉಳಿಯಿತು. ತಿರುಗದಿದ್ದರೆ ಅಂಗಡಿಗೆ ಹೋಗಿ, ಸರಿಮಾಡಿದ ಮೇಲಿನ ಚೀಟಿಯ ಜೊತೆಗೆ ಸರಿಮಾಡುವ ಮೊದಲಿನ ಚೀಟಿಯನ್ನೂ ಕೇಳಿ ಪಡೆಯಿರಿ.