ಗಂಜಿ ಹಚ್ಚಿದ ನವಿಲು

ಅಮೆರಿಕದಲ್ಲಿ ಒಂದು ರಟ್ಟಿನ ಚೂರು ನೂರು ಕೋಟಿ ರೂಪಾಯಿಗೆ ಹೋಯಿತೆಂದು ಮಗ ಊಟಕ್ಕೆ ಕೂತಾಗ ಮೊಬೈಲ್ ನೋಡಿ ಹೇಳಿದ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು: "ಅದರಾಗ ಜರಿ ಎಷ್ಟ ಐತಿ?"

ಜಮಖಂಡಿಯಲ್ಲಿ ಹುಟ್ಟಿ ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದವಳು ಅವಳು. ಮಗ್ಗದ ಸಪ್ಪಳ ನಿಂತರೆ ನಿದ್ದೆಯಿಂದ ಎಚ್ಚರಾಗುತ್ತಾಳೆ. ಬೆಲೆ ಅಂದರೆ ಅವಳಿಗೆ ನೂಲು, ಬಣ್ಣ, ಜರಿ, ಕೂಲಿ. ಇವಿಷ್ಟನ್ನು ಕೂಡಿಸಿದರೆ ಬರುವುದು ಬೆಲೆ, ಬರದೇ ಇರುವುದು ಮೋಸ.

"ಜರಿ ಇಲ್ಲವ್ವ, ಒಬ್ಬ ಆಟಗಾರನ ಚಿತ್ರ ಐತಿ."

"ದೇವರ ಚಿತ್ರಾನೂ ಅಲ್ಲ?" ಎಂದವಳೇ ರೊಟ್ಟಿಗೆ ಮರಳಿದಳು. ಅವಳ ಮಟ್ಟಿಗೆ ಅಮೆರಿಕದ ಮಾತು ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಮಗ ಹೇಳಿದ್ದು ಟಾಪ್ಸ್ ಎಂಬ ಬಬಲ್‌ಗಮ್ ಕಂಪನಿ 1952ರಲ್ಲಿ ಹೊರಡಿಸಿದ ಬೇಸ್‌ಬಾಲ್ ಕಾರ್ಡಿನ ವಿಷಯ. ಮಿಕಿ ಮ್ಯಾಂಟಲ್ ಎಂಬ ಆಟಗಾರನ ಆ ಕಾರ್ಡು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ಕೇಳುತ್ತಿದ್ದಂತೆ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಬಚ್ಚಲ ಒಲೆ. ಅದಕ್ಕೆ ಕಾರಣವಿದೆ.

ಬೇಸಿಗೆ ಸೂಟಿ ಬಿದ್ದರೆ ನಾವೆಲ್ಲ ಜಮಖಂಡಿಯ ಅಜ್ಜಿಯ ಮನೆಯಲ್ಲಿ ಕೂಡುತ್ತಿದ್ದೆವು. ಬನಹಟ್ಟಿಯಿಂದ ನಾನು, ಮುಧೋಳದಿಂದ ಚಿಗವ್ವನ ಮಗ, ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಿಂದ ದೊಡ್ಡವ್ವನ ಮಗ. ಜಮಖಂಡಿಯ ಮಾವನ ಮಗನಂತೂ ಅಲ್ಲಿಯವನೇ. ಒಬ್ಬೊಬ್ಬನ ಹತ್ತಿರ ಒಂದೊಂದು ಆಸ್ತಿ. ಜಮಖಂಡಿಯವನ ಕಿಸೆಯಲ್ಲಿ ಕುಸ್ತಿ ಪೈಲ್ವಾನರ ಟ್ರಂಪ್ ಕಾರ್ಡು. ಪೇಟೆ ಹತ್ತಿರವಿದ್ದುದರಿಂದ ಹೊಸ ಕಟ್ಟು ಬಂದರೆ ಮೊದಲು ಅವನ ಕೈಗೇ ಸಿಗುತ್ತಿತ್ತು. ಮುಧೋಳದವನು ಬಸ್‌ಸ್ಟ್ಯಾಂಡಿನಲ್ಲಿ ಆಯ್ದ ಕಡ್ಡಿಪೆಟಗಿಗಳ ಮುಖ ಕತ್ತರಿಸಿ ತರುತ್ತಿದ್ದ: ಹಡಗು, ಕುದುರೆ, ಚಿರತೆಯ ಜೊತೆ ಗುದ್ದಾಡುವ ಮನುಷ್ಯ. ನನ್ನ ಬಂಡವಾಳ ಬೇರೆ. ಗಿರಣಿಯಿಂದ ಬರುವ ನೂಲಿನ ಬಂಡಲಿನ ಮೇಲೆ ಬಣ್ಣದ ಚೀಟಿ ಅಂಟಿಸಿರುತ್ತಿದ್ದರು. ಲಕ್ಷ್ಮಿ, ಆನೆ, ನವಿಲು. ಅಪ್ಪ ಒದ್ದೆ ಅರಿವೆಯಿಂದ ಅದನ್ನು ಮೆತ್ತಗೆ ನೆನೆಸಿ, ಹರಿಯದಂತೆ ಬಿಡಿಸಿ, ಮಗ್ಗದ ಕಂಬಕ್ಕೆ ಒಣಹಾಕಿ ನನಗಾಗಿ ಇಡುತ್ತಿದ್ದ. ಸೀರೆಯ ಅಂಚನ್ನೂ ಅವನು ಅಷ್ಟು ನಾಜೂಕಾಗಿ ಹಿಡಿಯುತ್ತಿದ್ದನೋ ಇಲ್ಲವೋ.

ವಿನಿಮಯದ ದರ ದಿನಕ್ಕೊಂದು. ಒಮ್ಮೆ ನಾನು ಆರು ಲಕ್ಷ್ಮಿಯರನ್ನು ಕೊಟ್ಟು ಅಂಡರ್‌ಟೇಕರ್ ಎಂಬ ಒಬ್ಬ ಪೈಲ್ವಾನನನ್ನು ಕೊಂಡೆ. ಅಂಡರ್‌ಟೇಕರ್ ಅಂದರೆ ಹೆಣ ಹೂಳುವವ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮನೆಯ ಲಕ್ಷ್ಮಿಯನ್ನು ಅರ್ಧ ಡಜನ್ ಲೆಕ್ಕದಲ್ಲಿ ಹೊರಗೆ ಕಳಿಸಿ ಮಸಣದವನನ್ನು ಒಳಗೆ ಕರೆದುಕೊಂಡವನ ಹಣಕಾಸು ಹೇಗಿರಬೇಕೋ ಇವತ್ತು ನನ್ನದು ಹಾಗೇ ಇದೆ.

ಟ್ರಂಪ್ ಕಾರ್ಡಿನಲ್ಲಿ ಪೈಲ್ವಾನನ ಎತ್ತರ, ತೂಕ, ಎದೆಯಳತೆ, ಗೆದ್ದ ಕುಸ್ತಿ ಎಲ್ಲ ಬರೆದಿರುತ್ತಿತ್ತು. ನಾನು ಕಲಿತ ಮೊದಲ ಭಾರೀ ಇಂಗ್ಲಿಷ್ ಶಬ್ದ ‘ಬೈಸೆಪ್ಸ್’. ಮುಧೋಳದ ಕಾಕಾ ಕನ್ನಡ ಮಾಸ್ತರರು. ಗದಾಯುದ್ಧ ಬರೆದ ರನ್ನ ತಮ್ಮೂರಿನವನೆಂಬ ಹಮ್ಮು ಅವರಿಗೆ. "ಭೀಮ, ದುರ್ಯೋಧನರ ಕಾರ್ಡ್ ಇಲ್ಲೇನ್ರೋ? ಇವ್ರೆಂಥ ಪೈಲ್ವಾನರು!" ಎಂದು ಒಮ್ಮೆ ಕೆಣಕಿದರು. "ದುರ್ಯೋಧನನ ಎದಿ ಎಷ್ಟ ಇಂಚ್ ಇತ್ರಿ ಕಾಕಾ?" ಎಂದು ನಾವು ಕೇಳಿದೆವು. ಕಾಕಾ ಕನ್ನಡಕ ತೆಗೆದು ಒರೆಸುತ್ತ, "ತೊಡಿ ಮುರದಾವನ ಎದಿ ಅಳತಿ ಕೇಳಬಾರದು" ಎಂದು ಎದ್ದು ಹೋದರು.

ಬೀಳಗಿಯವನ ಹತ್ತಿರ ಏನೂ ಇರಲಿಲ್ಲ. ಇದ್ದದ್ದು ಒಂದು ಗುರಿ. ನೆಲದ ಮೇಲೆ ಗೆರೆ ಕೊರೆದು ಎಲ್ಲರ ಕಾರ್ಡು, ಚೀಟಿಗಳನ್ನು ನಡುವೆ ಒಟ್ಟುವುದು, ದೂರದಿಂದ ಚಪ್ಪಟೆ ಕಲ್ಲು ಬೀಸುವುದು, ಗೆರೆಯಾಚೆ ಹಾರಿದ್ದೆಲ್ಲ ಹೊಡೆದವನದು. ಹೊಳೆಯಲ್ಲಿ ಕಲ್ಲು ಕುಪ್ಪಳಿಸಿ ಪಳಗಿದ ಕೈ ಅವನದು. ಖಾಲಿ ಕಿಸೆಯಲ್ಲಿ ಬಂದವನು ಸೂಟಿ ಮುಗಿಯುವ ಹೊತ್ತಿಗೆ ಬಿಸ್ಕೀಟಿನ ಡಬ್ಬಿ ತುಂಬ ನಮ್ಮ ಆಸ್ತಿ ಹೊತ್ತು ಊರಿಗೆ ಹೋಗುತ್ತಿದ್ದ. ನನ್ನ ಅಂಡರ್‌ಟೇಕರ್ ಕೂಡ ಆ ಡಬ್ಬಿಯಲ್ಲೇ ಹೂಳಿಸಿಕೊಂಡ.

ಹಾಗೂ ಹೀಗೂ ನನ್ನಲ್ಲಿ ಉಳಿದದ್ದನ್ನು ಒಂದು ಚೀಲದಲ್ಲಿ ಕಟ್ಟಿ ಜಂತಿಗೆ ಸಿಗಿಸಿದ್ದೆ. ಒಂದು ದೀಪಾವಳಿಗೆ ಮನೆ ಸ್ವಚ್ಛ ಮಾಡುತ್ತ ಅವ್ವನ ಕೈ ಜಂತಿಗೆ ಹೋಯಿತು. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹಾಕಿಸಿಕೊಂಡೆ. "ನೀರು ಚೊಲೊ ಕಾದಾವ ಅವ್ವ" ಎಂದು ಬಾಯಿ ತುಂಬ ಹೊಗಳಿಯೂ ಬಿಟ್ಟೆ. ಯಾವುದರಿಂದ ಕಾದವೆಂದು ಗೊತ್ತಾದದ್ದು ಮಧ್ಯಾಹ್ನ. ಮಿಕಿ ಮ್ಯಾಂಟಲ್‌ನ ದರ ಹಿಡಿದು ನೋಡಿದರೆ ಅಷ್ಟು ತುಟ್ಟಿಯ ಸ್ನಾನವನ್ನು ಜಮಖಂಡಿಯ ಪಟವರ್ಧನ ಮಹಾರಾಜರೂ ಮಾಡಿರಲಿಕ್ಕಿಲ್ಲ.

ಮುಂದೆ ಆಲಮಟ್ಟಿಯ ಹಿನ್ನೀರು ಬಂತು. ದೊಡ್ಡವ್ವನ ಊರಿನವರು ಮನೆ ಬಿಚ್ಚಿ ಪುನರ್ವಸತಿ ಕೇಂದ್ರಕ್ಕೆ ನಡೆದರು. ತೊಲೆ, ಬಾಗಿಲು, ಚೌಕಟ್ಟು, ಬೀಸುವ ಕಲ್ಲು, ಎಲ್ಲ ಟ್ರ್ಯಾಕ್ಟರ್ ಏರಿದವು. ಡಬ್ಬಿ ಇದ್ದದ್ದು ಗೋಡೆಯ ಗೂಡಿನಲ್ಲಿ. ಗೂಡನ್ನು ಯಾರು ಬಿಚ್ಚಿ ಒಯ್ಯುತ್ತಾರೆ? ನೆನಪಾಗುವ ಹೊತ್ತಿಗೆ ಗೂಡಿನ ತನಕ ನೀರು ಬಂದಿತ್ತು. ಈಗಲೂ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಬೀಳಗಿಯ ಆ ಅಣ್ಣ ಆ ಕಡೆ ಹೋಗಿ ನಿಂತು ಬರುತ್ತಾನೆ. "ಯೊಕೊಜುನಾ ಪೈಲ್ವಾನ ಇನ್ನೂ ಅಲ್ಲೇ ಅದಾನಲೇ. ಅವನ ತೂಕಕ್ಕ ಆಂವ ತೇಲಿ ಹೋಗಾಂವಲ್ಲ" ಎನ್ನುತ್ತಾನೆ. ನಗುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆ ಗೋಡೆಗಳ ನಡುವೆ ಡಬ್ಬಿಯೊಂದೇ ಮುಳುಗಿದ್ದಲ್ಲವಲ್ಲ.

ಮ್ಯಾಂಟಲ್‌ನ ಕಾರ್ಡಿಗೆ ಆ ಬೆಲೆ ಬರಲು ಕೂಡ ನೀರೇ ಒಂದು ಕಾರಣ. 1952ರ ಕಾರ್ಡುಗಳಲ್ಲಿ ಮಾರದೆ ಉಳಿದ ರಾಶಿ ಗೋದಾಮಿನಲ್ಲಿ ಜಾಗ ತಿನ್ನುತ್ತಿತ್ತು. ಅವನ್ನು 1960ರ ಸುಮಾರಿಗೆ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆನೆಂದು ಆ ಕಂಪನಿಯ ಸೈ ಬರ್ಗರ್ ಎಂಬುವರೇ ಹೇಳಿಕೊಂಡಿದ್ದಾರೆ. ಅವರದು ಅಟ್ಲಾಂಟಿಕ್, ನಮ್ಮದು ಕೃಷ್ಣಾ. ಎಲ್ಲರ ಕೈಯಲ್ಲೂ ಇದ್ದು, ಬೇಡವಾಗಿ ಒಲೆಗೋ ನೀರಿಗೋ ಬಿದ್ದದ್ದೇ ಮುಂದೆ ಅಪರೂಪವಾಗುವುದು.

ಆದರೆ ನಮ್ಮ ಡಬ್ಬಿ ಸಿಕ್ಕರೂ ಬೆಲೆ ಬರುತ್ತಿರಲಿಲ್ಲವೆಂದು ಮಗ ವಿವರಿಸಿದ. ಕಾರ್ಡಿಗೆ ಹತ್ತಕ್ಕೆ ಅಂಕ ಕೊಡುವ ಸಂಸ್ಥೆಗಳಿವೆಯಂತೆ. ನೂರು ಕೋಟಿಯ ಮ್ಯಾಂಟಲ್‌ಗೆ ಬಂದದ್ದು 9.5. ಮೂಲೆ ಮಡಚಿರಬಾರದು, ಬೆರಳಿನ ಗುರುತು ಇರಬಾರದು. ಅಂದರೆ ಯಾವ ಹುಡುಗನೂ ಸರಿಯಾಗಿ ಆಡದ ಕಾರ್ಡಿಗೇ ಹೆಚ್ಚು ಬೆಲೆ. ನಮ್ಮವು ಕಲ್ಲಿನ ಪೆಟ್ಟು ತಿಂದವು, ಉಗುಳು ಹಚ್ಚಿ ಎಣಿಸಿದವು, ಕಿಸೆಯಲ್ಲಿ ಬೆಲ್ಲದ ಜೊತೆ ಬಾಳುವೆ ಮಾಡಿದವು. ಅವುಗಳ ಬೆಲೆಯನ್ನೆಲ್ಲ ನಾವೇ ಆಡಿ ತೀರಿಸಿದ್ದೆವು.

ಮುಧೋಳದವನೊಬ್ಬ ಮಾತ್ರ ಹುಷಾರಾದ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ಹೊರಡಿಸಿತು. ಅದರಲ್ಲಿ ಐದು ರೂಪಾಯಿಯ ಒಂದು ಚೀಟಿ ಮುಧೋಳ ನಾಯಿಯದು. ಅದನ್ನೇ ಹಚ್ಚಿ ನನಗೊಂದು ಪತ್ರ ಹಾಕಿದ. ಒಳಗೆ ಒಂದೇ ಸಾಲು: "ನಮ್ಮೂರ ನಾಯಿಗೂ ಕಾರ್ಡ್ ಬಂತು. ಎಷ್ಟು ಲಕ್ಷ್ಮಿ ಕೊಡ್ತಿ?" ಕೊಡಲು ನನ್ನ ಹತ್ತಿರ ಒಬ್ಬ ಲಕ್ಷ್ಮಿಯೂ ಇರಲಿಲ್ಲ.

ಆ ಲಕ್ಷ್ಮಿಯರ ಹಿರಿಯಕ್ಕಂದಿರು ಮತ್ತೆ ಕಂಡದ್ದು 2025ರಲ್ಲಿ, ಬೆಂಗಳೂರಿನಲ್ಲಿ. ಕಸ್ತೂರ್ಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲಿ ‘ಟಿಕೆಟ್ ಟೀಕಾ ಛಾಪ್’ ಎಂಬ ಪ್ರದರ್ಶನವಿತ್ತು. ಬ್ರಿಟಿಷರ ಕಾಲದಲ್ಲಿ ಮ್ಯಾಂಚೆಸ್ಟರಿನ ಬಟ್ಟೆ ಹಿಂದುಸ್ತಾನಕ್ಕೆ ಬರುವಾಗ ಅದಕ್ಕೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳವು. ಓದಲು ಬಾರದವರೂ ಚಿತ್ರ ನೋಡಿ ತಮ್ಮ ಮಾಲು ಗುರುತಿಸಲಿ ಎಂದು ದೇವರು, ಹುಲಿ, ರಾಜ, ರಾಣಿ. ಗಾಜಿನ ಹಿಂದೆ, ಮಂದ ಬೆಳಕಿನಲ್ಲಿ, ಚೌಕಟ್ಟಿನೊಳಗೆ ಕೂತಿದ್ದವು. ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಇಂಥವುಗಳ ಮೊಮ್ಮಕ್ಕಳಿಗೆ ನಾನು ಕಲ್ಲು ಹೊಡೆದಿದ್ದೇನೆಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲಿಲ್ಲ.

ಊರಿಗೆ ಬಂದವನೇ ಅವ್ವನ ಕಬ್ಬಿಣದ ಪೆಟಗಿ ತೆಗೆದೆ. ಮುಚ್ಚಳದ ಒಳಮೈಗೆ ಒಂದು ನವಿಲಿನ ಚೀಟಿ ಇದೆ. ನಾನು ಸಣ್ಣವನಿದ್ದಾಗ ಅಪ್ಪ ಹಾಸಿನ ನೂಲಿಗೆ ಹಚ್ಚುವ ಗಂಜಿಯಿಂದ ಅಂಟಿಸಿದ್ದು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಒದ್ದೆ ಅರಿವೆ ತಂದು, ಅವನು ಮಾಡುತ್ತಿದ್ದಂತೆಯೇ ಮೆತ್ತಗೆ ನೆನೆಸತೊಡಗಿದೆ. ಅವ್ವ ಬಂದು ಕೈಯಿಂದ ಅರಿವೆ ಕಸಿದುಕೊಂಡಳು.

"ಬಿಡು. ನಿಮ್ಮಪ್ಪ ಹಚ್ಚಿದ ಗಂಜಿ ಅದು. ತಗಡ ಹೋದರೂ ಅದು ಬಿಡೂದಿಲ್ಲ."

"ಉಳಿದಾವೆಲ್ಲ ಸುಟ್ಟಿ, ಇದನ್ಯಾಕ ಬಿಟ್ಟಿ ಅವ್ವ?"

"ಪೆಟಗಿ ಒಲ್ಯಾಗ ಹಿಡೀತಿರಲಿಲ್ಲ" ಎಂದು ಮುಚ್ಚಳ ಹಾಕಿದಳು.

ನವಿಲು ಅಲ್ಲೇ ಇದೆ. ಬಲಗಡೆಯ ಮೂಲೆ ಹರಿದಿದೆ, ಗರಿಗಳನ್ನು ಜಿರಲೆ ತಿಂದಿದೆ. ಹತ್ತಕ್ಕೆ ಎರಡು ಅಂಕ ಬಂದರೆ ಹೆಚ್ಚು.